ಹನ್ನೊಂದನೆಯ ಸಾಲು

ಲ್ಯಾಬಿನ ಬಾಗಿಲಲ್ಲಿ ಬೂಟು ಬಿಡಬೇಕೆಂಬ ನಿಯಮವನ್ನು ಹನ್ನೆರಡು ವರ್ಷದ ಹಿಂದೆ ಮಾಡಿದವನು ಶಾಂತಾರಾಮನೇ ಆದ್ದರಿಂದ ಅದರಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಆದರೆ ಆ ಡಿಸೆಂಬರ್ ಬೆಳಿಗ್ಗೆ ಎಡಗಾಲಿನ ಕಾಲುಚೀಲದಿಂದ ಹೆಬ್ಬೆರಳು ಪೂರ್ತಿ ಹೊರಗೆ ಬಂದು ಲೋಕ ನೋಡುತ್ತಿರುವುದು ಅವನಿಗೆ ಗೊತ್ತಾದದ್ದು ಅರ್ಧ ಲ್ಯಾಬು ದಾಟಿದ ಮೇಲೆ. ಉಮಾ ನೋಡಿದಳೋ ಇಲ್ಲವೋ. ಅವಳು ಪರದೆಯತ್ತಲೇ ಮುಖ ಮಾಡಿದ್ದಳು, ಮತ್ತು ನಿಜವಾಗಿ ನೋಡದೇ ಇದ್ದವರು ಅಷ್ಟು ಗಮನವಿಟ್ಟು ಪರದೆ ನೋಡುವುದಿಲ್ಲ ಎಂದು ಅವನಿಗೆ ಅನಿಸಿತು. ಕಾರವಾರದ ಆ ಪಾಲಿಟೆಕ್ನಿಕ್ಕಿಗೆ ಅವಳು ಲೆಕ್ಚರರಾಗಿ ಸೇರಿ ನಾಲ್ಕು ತಿಂಗಳು, ಅವನು ಸೇರಿ ಹದಿನೆಂಟು ವರ್ಷ. ಈ ಹದಿನೆಂಟು ವರ್ಷಗಳಲ್ಲಿ ಅವನು ಸಂಪಾದಿಸಿದ್ದೆಲ್ಲ ಒಂದು ಝೆರಾಕ್ಸ್ ಪುಸ್ತಕ: ಸಿ ಭಾಷೆಯ ಮೂವತ್ತು ಪ್ರೋಗ್ರಾಮುಗಳು, ಅವನದೇ ದುಂಡು ಅಕ್ಷರದಲ್ಲಿ, ಕುಮಟೆಯ ಹುಡುಗರೂ ಹೇಗೋ ಪ್ರತಿ ತರಿಸಿಕೊಂಡು ಓದುತ್ತಾರೆಂದು ಯಾರೋ ಒಮ್ಮೆ ಹೇಳಿದ್ದರು, ಆ ಯಾರೋ ಯಾರೆಂಬುದು ಮರೆತಿದ್ದರೂ ಮಾತು ಮಾತ್ರ ಅವನಿಗೆ ನೆನಪಿತ್ತು, ವಾರಕ್ಕೊಮ್ಮೆಯಾದರೂ ನೆನಪಾಗುತ್ತಿತ್ತು.

“ಸರ್, ನಿಮ್ಮ ಏಳನೇ ಪ್ರೋಗ್ರಾಮು ಓಡ್ತಾ ಇಲ್ಲ,” ಎಂದಳು ಉಮಾ. ಜನವರಿಯಿಂದ ಲ್ಯಾಬಿನ ಎಲ್ಲ ಯಂತ್ರಗಳಿಗೂ ವಿಂಡೋಸ್ ಬದಲು ಪುಕ್ಕಟೆಯ ಲಿನಕ್ಸ್ ಹಾಕುವುದೆಂದು ಆಗಿತ್ತು, ಅದಕ್ಕಾಗಿ ಅವಳು ಮೂವತ್ತನ್ನೂ ಒಂದೊಂದಾಗಿ ಹೊಸ ಯಂತ್ರದಲ್ಲಿ ಓಡಿಸಿ ನೋಡುತ್ತಿದ್ದಳು. ಏಳನೆಯದು ಎಲ್ಲಕ್ಕಿಂತ ಸುಲಭದ್ದು. ಒಬ್ಬರ ಹೆಸರು ಕೇಳಿ, ಅದರಲ್ಲಿ ಎಷ್ಟು ಅಕ್ಷರಗಳಿವೆ ಎಂದು ಎಣಿಸಿ ಹೇಳುವುದು, ಅಷ್ಟೇ. ಅವನು ನಕ್ಕ. “ಟೈಪ್ ಮಾಡುವಾಗ ಏನೋ ಬಿಟ್ಟಿರ್ತೀರಿ,” ಎಂದ. ಬಿಟ್ಟಿಲ್ಲವೆಂದು ಅವಳು ಹೇಳಲಿಲ್ಲ. ಝೆರಾಕ್ಸ್ ಪುಟವನ್ನು ಪರದೆಯ ಪಕ್ಕ ಹಿಡಿದಳು. ಅಕ್ಷರಕ್ಕೆ ಅಕ್ಷರ ಒಂದೇ ಇತ್ತು. ಓಡಿಸಿದಳು. ಯಂತ್ರ ಹೆಸರು ಕೇಳಿತು. ಉಮಾ ಎಂದು ಒತ್ತಿದಳು. ಸೆಗ್ಮೆಂಟೇಶನ್ ಫಾಲ್ಟ್ ಎಂಬ ಎರಡು ಪದ ಕಾರಿ ಪ್ರೋಗ್ರಾಮು ಸತ್ತಿತು. ಆ ಎರಡು ಪದಗಳನ್ನು ಅವನು ಹಿಂದೆ ಒಮ್ಮೆ, ಇದೇ ಸಾಲಿನ ಐದನೆಯ ಯಂತ್ರದಲ್ಲಿ, ಒಂದು ಹುಡುಗಿಯ ಭುಜದ ಮೇಲಿಂದ ಬಗ್ಗಿ ನೋಡಿದ್ದ. ಆದರೆ ಅದು ಆಗ ನೆನಪಿಗೆ ಬಂದಿರಲಿಲ್ಲ, ಅಥವಾ ಬಂದು ಬಾಗಿಲಲ್ಲೇ ಬೂಟು ಬಿಚ್ಚುತ್ತ ನಿಂತಿತ್ತು.

“ಡಿಬಗರ್ ಒಳಗೆ ಹಾಕಿ ನೋಡುವಾ ಸರ್?” ಎಂದಳು. ಅವನು ಗಂಭೀರವಾಗಿ ತಲೆಯಾಡಿಸಿದ. ಡಿಬಗರ್ ಎಂಬುದನ್ನು ಅವನು ಹತ್ತು ವರ್ಷದಿಂದ ಪಾಠ ಮಾಡುತ್ತಿದ್ದ, ಎರಡು ಅಂಕದ ಪ್ರಶ್ನೆ, ‘ಪ್ರೋಗ್ರಾಮಿನ ದೋಷಗಳನ್ನು ಹುಡುಕಲು ನೆರವಾಗುವ ಸಾಧನ’; ಸಾಧನವನ್ನು ಕಣ್ಣಾರೆ ಕಂಡಿರಲಿಲ್ಲ. ಚಿತ್ರಗಳು, ಗುಂಡಿಗಳು, ಬಣ್ಣದ ಕಿಟಕಿಗಳು ಇರಬಹುದೆಂದುಕೊಂಡಿದ್ದ. ಬಂದದ್ದು ಕಪ್ಪು ಪರದೆ, ಅದರ ತುದಿಯಲ್ಲಿ ಕಣ್ಣು ಮಿಟುಕಿಸುತ್ತ ಕಾಯುವ ಒಂದು ಪುಟ್ಟ ಚೌಕ. ಏನನ್ನೂ ತಾನಾಗಿ ಹೇಳುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತದೆ. “ನೀವೇ ಒತ್ತಿ ಸರ್,” ಎಂದು ಉಮಾ ಕುರ್ಚಿ ಬಿಟ್ಟುಕೊಟ್ಟಳು. ಏನು ಒತ್ತಬೇಕೆಂದು ಗೊತ್ತಿಲ್ಲದವನು ಕನ್ನಡಕವನ್ನು ಒರೆಸಬಹುದಾದಷ್ಟು ಹೊತ್ತು ಒರೆಸಿದ. ಅವಳು, ತನಗೇ ಹೇಳಿಕೊಳ್ಳುವವಳಂತೆ, ಮೊದಲು ಬ್ರೇಕ್, ಮೇನ್‌ನಲ್ಲಿ ನಿಲ್ಲಿಸುವಾ, ಆಮೇಲೆ ರನ್, ಎಂದು ಗೊಣಗಿದಳು. ಅವನು, ತನಗೇ ಹೊಳೆದವನಂತೆ, ಒತ್ತಿದ. ಇಬ್ಬರೂ ಸೌಜನ್ಯದಿಂದ ಈ ನಾಟಕ ಆಡಿದರು. ಪ್ರೋಗ್ರಾಮು ಮೊದಲ ಸಾಲಿನಲ್ಲೇ ನಿಂತಿತು. ನೆಕ್ಸ್ಟ್ ಎಂದರೆ ಒಂದು ಸಾಲು ಮುಂದೆ. ಮತ್ತೆ ನೆಕ್ಸ್ಟ್, ಮತ್ತೊಂದು ಸಾಲು. ತಾನು ಬರೆದ ಸಾಲುಗಳು ಹೀಗೆ ಒಂದೊಂದಾಗಿ, ಕೈಹಿಡಿದು ನಡೆಸಿದ ಮುದುಕರ ಹಾಗೆ, ನಿಂತು ನಿಂತು ಹೋಗುವುದನ್ನು ನೋಡಿ ಅವನಿಗೆ ವಿಚಿತ್ರ ಸಂಕೋಚವಾಯಿತು. ಹದಿನೆಂಟು ವರ್ಷ ಅವು ಕಣ್ಣಿಗೆ ಕಾಣದ ವೇಗದಲ್ಲಿ ಓಡಿದ್ದವು, ಅವನೂ ಅವುಗಳನ್ನು ನಿಲ್ಲಿಸಿ ಏನನ್ನೂ ಕೇಳಿರಲಿಲ್ಲ.

ಹನ್ನೊಂದನೆಯ ಸಾಲಿನಲ್ಲಿ ಹೆಸರು ಕೇಳಿತು. ಕೊಟ್ಟ ಕೂಡಲೇ ಸತ್ತಿತು. ಎಲ್ಲಿ ಸತ್ತಿತು ಎಂದು ಕೇಳಲು ಬ್ಯಾಕ್‌ಟ್ರೇಸ್ ಎಂಬ ಆಜ್ಞೆ ಇದೆಯೆಂದು ಉಮಾ ಗೊಣಗಿದಳು. ಒತ್ತಿದ. ಮೂರು ಸಾಲು ಬಂದವು. ಮೇಲಿನ ಎರಡರಲ್ಲಿ ಅವನು ಎಂದೂ ಕೇಳಿರದ ಉದ್ದುದ್ದ ಹೆಸರುಗಳು, ಯಂತ್ರದ ಜೊತೆಗೇ ಬಂದ ಲೈಬ್ರರಿಯವು. ಅವನ ಎದೆ ಹಗುರಾಯಿತು. “ನೋಡಿ, ನೋಡಿ! ತಪ್ಪು ಲೈಬ್ರರಿಯದ್ದು. ಈ ಪುಕ್ಕಟೆ ಸಾಮಾನುಗಳ ಹಣೆಬರಹವೇ ಇಷ್ಟು.” ಉಮಾ ಹೂಂ ಎಂದಳು. ಪರದೆಗೆ ಬೆರಳಿಟ್ಟು, “ಕೆಳಗಿನ ಸಾಲು ಸರ್,” ಎಂದಳು. ಕೆಳಗಿನ ಸಾಲಿನಲ್ಲಿ, ಆ ದೊಡ್ಡ ಹೆಸರುಗಳನ್ನೆಲ್ಲ ಕರೆದವನು ಯಾರೆಂದು ಬರೆದಿತ್ತು: ಮೇನ್, ಹನ್ನೊಂದನೆಯ ಸಾಲು, ಅವನೇ ಬರೆದದ್ದು. ಆಮೇಲೆ ಅವಳೇ ಬಗ್ಗಿ, ಪ್ರಿಂಟ್ ಎಂದು ಒತ್ತಿ, ಹೆಸರನ್ನು ಇಡಬೇಕಾದ ಜಾಗ ಯಾವುದೆಂದು ಯಂತ್ರವನ್ನು ಕೇಳಿದಳು. ಸೊನ್ನೆ ಎಂದು ಉತ್ತರ ಬಂತು. ಅಂದರೆ ಜಾಗವೇ ಇಲ್ಲ. ಹೆಸರಿನ ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕಿ, ಜಾಗ ಇಲ್ಲೆಲ್ಲೋ ಇದೆ ಎಂದು ಬೆರಳು ತೋರಿಸಿ, ತೋರಿಸಿದ ಕಡೆ ಏನನ್ನೂ ಇಡದೆ ಅವನು ಪುಟ ಮುಗಿಸಿದ್ದ. ಹಳೆಯ ಯಂತ್ರಗಳು ಪಾಪ, ಆ ಹೆಸರನ್ನು ಎಲ್ಲೋ ಮೂಲೆಯಲ್ಲಿ ತುರುಕಿ, ಯಜಮಾನರ ಮರ್ಯಾದೆ ಕಾದಿದ್ದವು. ಹೊಸದಕ್ಕೆ ಅಂಥ ದಾಕ್ಷಿಣ್ಯವಿರಲಿಲ್ಲ.

“ಸಣ್ಣದು ಸರ್. ನಕ್ಷತ್ರ ತೆಗೆದು ಇಪ್ಪತ್ತು ಅಕ್ಷರಕ್ಕೆ ಜಾಗ ಕೊಟ್ರೆ ಆಯ್ತು,” ಎಂದಳು ಉಮಾ, ಕೊಟ್ಟಳು, ಓಡಿಸಿದಳು, ಓಡಿತು. ಝೆರಾಕ್ಸ್ ಪುಟದಲ್ಲೂ ಅವನು ತಾನೇ ಪೆನ್ನಿನಿಂದ ತಿದ್ದಿದ. ಎಷ್ಟು ನಾಜೂಕಾಗಿ ತಿದ್ದಿದನೆಂದರೆ ಹದಿನೆಂಟು ವರ್ಷದಿಂದ ಅದು ಹಾಗೇ ಇತ್ತೆಂದು ಯಾರಾದರೂ ಹೇಳಬೇಕು.

ಮನೆಯಲ್ಲಿ ಊಟಕ್ಕೆ ಕೂತಾಗ, ಸಾರಿಗೆ ಉಪ್ಪು ಕಮ್ಮಿಯೆಂದು ಅವನು ಹೇಳಲಿಲ್ಲ, ಉಪ್ಪು ನಿಜಕ್ಕೂ ಕಮ್ಮಿಯಿತ್ತು. ಹೆಂಡತಿ ದಮಯಂತಿ ಎರಡು ಸಲ ಅವನ ಮುಖ ನೋಡಿದಳು. “ಕಾಲೇಜಿಗೆ ತಪ್ಪು ಹಿಡಿಯೋ ಮಶಿನ್ ಬಂದಿದೆ ಅಂತಲ್ಲ, ಉಮಾ ಫೋನಲ್ಲಿ ಹೇಳಿದ್ಳು. ಇಷ್ಟು ವರ್ಷ ಆ ಕೆಲಸಕ್ಕೆ ನೀವೇ ಇದ್ದಿರಿ. ಇನ್ನು ಮನೇಲಿ ಸುಮ್ನಿರಬಹುದು ಅಲ್ಲಾ?” ಅವನು ನಗಲು ಬಾಯಿ ತೆರೆದ. ಆಗ ಐದನೆಯ ಯಂತ್ರದ ಹುಡುಗಿ ನೆನಪಿನ ಬಾಗಿಲು ದಾಟಿ ಒಳಗೆ ಬಂದಳು. ದೀಕ್ಷಾ. ಅಂಕೋಲೆಯ ಕೇಣಿಯವಳು, ದಿನಾ ಬೆಳಗಿನ ಬಸ್ಸಿನಲ್ಲಿ ನಿಂತೇ ಬಂದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದವಳು. ಮೇ ತಿಂಗಳ ಪ್ರಾಯೋಗಿಕ ಪರೀಕ್ಷೆ. ಸಿಡಿಲು ಬಡಿದು ನಾಲ್ಕು ಹಳೆಯ ಯಂತ್ರ ಹೋಗಿದ್ದರಿಂದ ಅಷ್ಟು ಮಂದಿಯನ್ನು ಆಗಷ್ಟೇ ಬಂದಿದ್ದ ಲಿನಕ್ಸ್ ಯಂತ್ರಗಳಿಗೆ ಕೂರಿಸಿದ್ದರು. ಸಿ ಅಂದರೆ ಎಲ್ಲಿದ್ದರೂ ಸಿ ತಾನೇ ಎಂದವನೂ ಅವನೇ. ಚೀಟಿ ಎತ್ತಿದಾಗ ಅವಳಿಗೆ ಏಳನೆಯದು ಬಂತು, ಮುಖ ಅರಳಿತು. ಹತ್ತು ನಿಮಿಷದಲ್ಲಿ ಬರೆದು ಮುಗಿಸಿದಳು. ಮೂರು ಸಲ ಓಡಿಸಿದಳು, ಮೂರು ಸಲವೂ ಸತ್ತಿತು. “ಸರ್, ನೋಟ್ಸಲ್ಲಿ ಇದ್ದ ಹಾಗೇ ಬರ್ದಿದ್ದೆ,” ಎಂದಳು. ಹೊರಗಿನಿಂದ ಬಂದ ಪರೀಕ್ಷಕರು ಅವನತ್ತ ನೋಡುತ್ತಿದ್ದರು. ಆ ನೋಟಕ್ಕೆ ಉತ್ತರವಾಗಿ, ಅವಳಿಗಲ್ಲ, ಅವನು ಹೇಳಿದ್ದ: “ಬಾಯಿಪಾಠ ಮಾಡಿದ್ರೆ ಹೀಗೇ. ಯಾರದ್ದೋ ನೋಡಿ ಇಳಿಸಿದ್ದು, ತಲೆಯಿಂದ ಬಂದದ್ದಲ್ಲ.” ಯಾರದ್ದೋ! ಈಗ ಅನ್ನ ಕಲಸುತ್ತಿದ್ದ ಬೆರಳು ನಿಂತಿತು.

ಆದರೆ ಅದು ಅಲ್ಲಿಗೇ ಮುಗಿದಿರಲಿಲ್ಲ, ಮತ್ತು ಆ ಉಳಿದದ್ದರಿಂದಲೇ ಅವನು ಎರಡು ದಿನ ಬೀಚಿನ ರಸ್ತೆಯಲ್ಲಿ, ಸ್ಟಾಫ್ ರೂಮಿನಲ್ಲಿ, ಸ್ನಾನದ ಮನೆಯಲ್ಲಿ ಸುತ್ತಿ ಸುತ್ತಿ ತಪ್ಪಿಸಿಕೊಂಡು ತಿರುಗಿದ. ಫಲಿತಾಂಶ ಬಂದ ಮೇಲೆ ದೀಕ್ಷಾಳ ತಾಯಿ ಗಂಗಿ ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಕಾಲೇಜಿಗೆ ಬಂದಿದ್ದಳು. ವರಾಂಡದಲ್ಲಿ, ಕೈಯಲ್ಲಿ ಛತ್ರಿ. ಚಹಾ ಆರುತ್ತಿದೆ ಎಂದು ಸ್ಟಾಫ್ ರೂಮಿನಿಂದ ಯಾರೋ ಕರೆಯುತ್ತಿದ್ದರು. ಇವಳು ಯಾಕೆ ನಪಾಸಾದಳು ಎಂದು ಗಂಗಿ ಕೇಳಿದಳು. ನೋಡಿ ಬರೆದಿದ್ದಾಳೆ, ಸ್ವಂತದ್ದಾಗಿದ್ದರೆ ಓಡುತ್ತಿತ್ತು ಎಂದ. ನೋಡಿ ಬರೆಯುವುದೆಂದರೆ ಏನೆಂದು ಗಂಗಿ ಒಂದು ಕ್ಷಣ ಯೋಚಿಸಿ, “ಕದ್ದದ್ದಾ?” ಎಂದಳು. ಚಹಾದ ದಿಕ್ಕಿಗೆ ಆಗಲೇ ಒಂದು ಕಾಲು ಇಟ್ಟಿದ್ದ ಅವನು, “ಹಾಗೇ ಅನ್ನಿ,” ಎಂದಿದ್ದ. ಹಾಗೇ ಅನ್ನಿ. ಎಷ್ಟು ಸಲೀಸಾದ ಎರಡು ಪದ. ಗಂಗಿ ಅವನನ್ನು ನೋಡಲಿಲ್ಲ, ಮಗಳನ್ನು ನೋಡಿದಳು. ಮಗಳು ನೆಲ ನೋಡಿದಳು. ಚಹಾ ಆರಿರಲಿಲ್ಲ, ಚೆನ್ನಾಗಿಯೇ ಇತ್ತು.

ಶನಿವಾರ ಅರ್ಧ ದಿನದ ರಜೆ ಬರೆದು, ಹೆಂಡತಿಗೆ ಅಂಕೋಲೆಯಲ್ಲಿ ಕೆಲಸವಿದೆ ಎಂದು ಹೇಳಿ ಬಸ್ಸು ಹತ್ತಿದ. ಬಿಣಗಾ ಘಟ್ಟದ ತಿರುವಿನಲ್ಲಿ ಸಮುದ್ರ ಒಮ್ಮೆ ಕಂಡು ಮರೆಯಾಯಿತು. ಕಿಸೆಯಲ್ಲಿ ಪ್ರಿನ್ಸಿಪಾಲರಿಗೆ ಬರೆದ ಪತ್ರವಿತ್ತು, ಹಿಂದಿನ ದಿನ ನಾಲ್ಕು ಸಲ ಹರಿದು ಐದನೆಯ ಸಲಕ್ಕೆ ಮನಸ್ಸಿಗೆ ಬಂದದ್ದು. ‘ಸದರಿ ಪರೀಕ್ಷೆಯ ಸಂದರ್ಭದಲ್ಲಿ ತಾಂತ್ರಿಕ ಕಾರಣಗಳಿಂದ ದೋಷವುಂಟಾಗಿರುವುದು ಇದೀಗ ಗಮನಕ್ಕೆ ಬಂದಿರುತ್ತದೆ.’ ಆ ವಾಕ್ಯವನ್ನು ಅವರ್ಸಾದವರೆಗೂ ಮನಸ್ಸಿನಲ್ಲಿ ಓದಿಕೊಂಡ. ಅದರಲ್ಲಿ ಎಲ್ಲವೂ ಇತ್ತು, ಪ್ರಾಮಾಣಿಕತೆ ಕೂಡ. ಈ ಪತ್ರ ನೋಡಿದ ಹುಡುಗಿ ಕಣ್ಣೀರು ಹಾಕಿದರೆ ಏನು ಹೇಳಬೇಕು, ಕಾಲಿಗೆ ಬಿದ್ದರೆ ಹೇಗೆ ಎತ್ತಬೇಕು ಎಂಬುದನ್ನೂ ಯೋಚಿಸಿಟ್ಟುಕೊಂಡ. ಹೊಸ ಕಾಲುಚೀಲ ಹಾಕಿದ್ದ.

ದೀಕ್ಷಾ ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆಂದು ಅವಳ ತರಗತಿಯ ಹುಡುಗರಿಂದ ತಿಳಿದಿತ್ತು. ಯಾರದೋ ಪಹಣಿ ಪತ್ರವನ್ನು ಗಾಜಿನ ಮೇಲೆ ಮಗುಚಿ ಹಾಕುತ್ತಿದ್ದವಳು ಅವನನ್ನು ಕಂಡು, “ಬನ್ನಿ ಸರ್, ಎಷ್ಟು ಪ್ರತಿ?” ಎಂದಳು. ಅಭ್ಯಾಸದ ಮಾತು. ಆಮೇಲೆ ಇಬ್ಬರಿಗೂ ನಾಚಿಕೆಯಾಯಿತು. ಅವನು ಗಂಟಲು ಸರಿಮಾಡಿಕೊಂಡು, ಡಿಬಗರ್, ಬ್ಯಾಕ್‌ಟ್ರೇಸ್, ಹನ್ನೊಂದನೆಯ ಸಾಲು ಎಂದು ಶುರು ಮಾಡಿದ. ಅವಳು ತಡೆಯಲಿಲ್ಲ, ಪೂರ್ತಿ ಕೇಳಿದಳು.

“ನಕ್ಷತ್ರ ಹಾಕಿದ್ದು, ಜಾಗ ಕೊಡ್ಲಿಲ್ಲ. ಅದಲ್ಲಾ ಸರ್?” ಎಂದಳು. “ನಂಗೆ ಅವತ್ತು ತಿರುಗಿ ಬರುವಾಗ ಬಸ್ಸಲ್ಲೇ ಗೊತ್ತಾಯ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನಿಮ್ಮದೇ ನೋಟ್ಸ್ ಅಲ್ಲಾ ಸರ್? ನಿಮಗೆ ಗೊತ್ತಿದ್ದೇ ಇರ್ತದೆ ಹೇಳಿ ತಿಳ್ಕಂಡೆ.”

ಯಂತ್ರದ ಹಸಿರು ಬೆಳಕು ಅವಳ ಗಲ್ಲದ ಮೇಲಿಂದ ಒಮ್ಮೆ ಹಾದುಹೋಯಿತು. ಅವಳು ದೂರುವ ದನಿಯಲ್ಲಿ ಹೇಳಿರಲಿಲ್ಲ. ಏಳು ತಿಂಗಳು ಈ ಹುಡುಗಿ, ತನ್ನ ಮೇಷ್ಟರು ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಹೇಳಿದರು ಎಂದು ತಿಳಿದುಕೊಂಡೇ ಪಹಣಿ ಪತ್ರ ಮಗುಚಿದ್ದಳು. ತಾನು ಸುಳ್ಳನಲ್ಲ, ಬರೀ ದಡ್ಡ ಎಂದು ಅವಳಿಗೆ ಮನದಟ್ಟು ಮಾಡುವುದು ಈಗ ಅವನಿಗೆ ಬಹಳ ತುರ್ತಾಗಿ ಕಂಡಿತು. “ಇಲ್ಲ ಮಾರಾಯ್ತಿ, ನಂಗೆ ಖಂಡಿತ ಗೊತ್ತಿರ್ಲಿಲ್ಲ,” ಎಂದ. ಜೀವನದಲ್ಲಿ ಮೊದಲ ಸಲ ಆ ಮಾತನ್ನು ಅಷ್ಟು ಹುರುಪಿನಿಂದ ಹೇಳಿದ. ಪಹಣಿಯವನು ಚಿಲ್ಲರೆಗಾಗಿ ಕಾಯುತ್ತ ಇಬ್ಬರನ್ನೂ ನೋಡುತ್ತಿದ್ದ. ದೀಕ್ಷಾಳ ತುಟಿಯ ತುದಿ ಸ್ವಲ್ಪ ಅಲುಗಿತು. ಪತ್ರ ತೆಗೆದುಕೊಟ್ಟ, ಅವಳು ಓದಿದಳು, ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಮಡಚಿ ಹಿಂದಕ್ಕೆ ಕೊಟ್ಟು, “ನಂಗೆ ಹೇಳಿದ್ದು ಸಾಕು ಸರ್. ಅಮ್ಮನಿಗೆ ಹೇಳ್ಬೇಕಿತ್ತು. ನಾ ಎಷ್ಟು ಹೇಳಿದ್ರೂ ನಂಬ್ಲಿಲ್ಲ, ಮಾಸ್ತರೇ ಹೇಳಿದ್ದು ಅಂತಾಳೆ,” ಎಂದಳು. ಅಂಗಡಿ ಯಜಮಾನರನ್ನು ಕೇಳಿ ಒಂದು ತಾಸಿನ ಬಿಡುವು ಪಡೆದು, ಕೇಣಿಯ ರಿಕ್ಷಾದಲ್ಲಿ ಅವನ ಪಕ್ಕ ಕೂತಳು.

ಗಂಗಿ ಅಂಗಳದಲ್ಲಿ ಬತ್ತ ಗಾಳಿಗೆ ಹಿಡಿಯುತ್ತಿದ್ದಳು. ಮೊರ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿ, ಮಣೆ ತಂದು ಹಾಕಿದಳು. ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು. ಮನೆಗೆ ಬಂದ ಮಾಸ್ತರಿಗೆ ಯಾವ ಮರ್ಯಾದೆಯನ್ನೂ ಕಮ್ಮಿ ಮಾಡಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. ಪಕ್ಕದ ಬೇಲಿಯಾಚೆ ಒಬ್ಬ ಮುದುಕಿ ಕಟ್ಟಿಗೆ ಕೂಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಮಗಳದ್ದು ಮತ್ತೆಂತದಾರು ಆಯ್ತಾ ಮಾಸ್ತರೇ?” ಎಂದಳು ಗಂಗಿ.

ಅವನು ಬೆಲ್ಲ ಬಾಯಿಗೆ ಹಾಕಿಕೊಂಡ, ಮಾತಾಡಲು ಆಗದಂತೆ. ನೀರು ಕುಡಿದ. ಹದಿನೆಂಟು ವರ್ಷ ಪಾಠ ಮಾಡಿದ ನಾಲಿಗೆಗೆ ಪಾಯಿಂಟರ್ ಎಂಬುದನ್ನು ಬಿಟ್ಟು ಬೇರೆ ಪದ ಹೊಳೆಯಲಿಲ್ಲ. ಮೆಮೊರಿ ಅಂದರೆ ಯಂತ್ರದ ನೆನಪು, ಅದರಲ್ಲಿ ವಿಳಾಸ ಇರುತ್ತದೆ, ವಿಳಾಸ ಸೊನ್ನೆಯಾದರೆ, ಎಂದೆಲ್ಲ ಹೇಳುತ್ತ ಹೋದ. ಗಂಗಿ ವಿನಯದಿಂದ ತಲೆದೂಗಿದಳು. ಹಿಂದಿನ ಬೆಂಚಿನ ಹುಡುಗರು ಹೀಗೇ ತಲೆದೂಗುವುದನ್ನು ಅವನು ಬಲ್ಲ. ಸಹಾಯಕ್ಕಾಗಿ ದೀಕ್ಷಾಳತ್ತ ನೋಡಿದ; ಅವಳು ಕಂಬಕ್ಕೊರಗಿ, ಮೌಖಿಕ ಪರೀಕ್ಷೆಯಲ್ಲಿ ಅವನು ನಿಲ್ಲುತ್ತಿದ್ದ ಹಾಗೆಯೇ, ಕೈಕಟ್ಟಿ ನಿಂತಿದ್ದಳು.

“ಹೆಸರು ಇಡು ಹೇಳಿ ಹೇಳ್ದೆ,” ಎಂದ ಕೊನೆಗೆ, “ಇಡ್ಲಿಕ್ಕೆ ಜಾಗ ಕೊಡ್ಲಿಲ್ಲ.”

ಗಂಗಿ ಮೊರ ನೋಡಿದಳು, ಬತ್ತ ನೋಡಿದಳು. “ಅಂದ್ರೆ, ಬತ್ತ ಅಳೆದು ತುಂಬು ಹೇಳಿ, ತುಂಬೂಕೆ ಚೀಲವೇ ಕೊಡ್ಲಿಲ್ಲ?”

“ಹೌದು.”

“ಬತ್ತ ಎಲ್ಲಾ ನೆಲಕ್ಕೆ ಬಿತ್ತು.”

“ಹೌದು.”

“ಚೆಲ್ದವ್ಳು ಇವ್ಳು ಹೇಳಿ ಬೈದ್ರಿ.”

ಈ ಸಲ ಅವನು ತಲೆ ಮಾತ್ರ ಅಲುಗಿಸಿದ. ಹದಿನೆಂಟು ವರ್ಷದಿಂದ ಎಷ್ಟೋ ಬೋರ್ಡು ಒರೆಸಿ ಒರೆಸಿ ಹೇಳಿಕೊಟ್ಟರೂ ಅರ್ಧ ತರಗತಿಗೆ ಅರ್ಥವಾಗದ ವಿಷಯ ಈ ಅಂಗಳದಲ್ಲಿ ಮೂರು ಮಾತಿನಲ್ಲಿ ಮುಗಿದಿತ್ತು. ಗಂಗಿ ಮಗಳ ಕಡೆ ತಿರುಗಿದಳು. ಅವಳ ಕೂದಲಿಗೆ ಅಂಟಿದ್ದ ಹೊಟ್ಟಿನ ಎಳೆಯೊಂದನ್ನು ತೆಗೆದು, ತೆಗೆದ ಮೇಲೂ ಆ ಜಾಗವನ್ನು ಇನ್ನೆರಡು ಸಲ ಸವರಿದಳು. ಶಾಂತಾರಾಮ ತಂಬಿಗೆಯ ತಳ ನೋಡುತ್ತ ಕೂತ.

“ಪ್ರಿನ್ಸಿಪಾಲರಿಗೆ ಪತ್ರ ಬರ್ದಿದ್ದೇನೆ,” ಎಂದ, ಕಿಸೆಯಿಂದ ತೆಗೆಯುತ್ತ. ಓದಲು ಬಾರದ ಗಂಗಿ, ಓದಿ ಹೇಳಿ ಎಂದಳು. ಓದಿದ. ಸದರಿ, ಸಂದರ್ಭದಲ್ಲಿ, ತಾಂತ್ರಿಕ, ಗಮನಕ್ಕೆ ಬಂದಿರುತ್ತದೆ. ಅವಳು ಕಣ್ಣು ಕಿರಿದು ಮಾಡಿ ಕೊನೆಯವರೆಗೂ ಕೇಳಿ, “ಇದ್ರಲ್ಲಿ ನೀವೆಲ್ಲಿ ಅದೀರಿ ಮಾಸ್ತರೇ?” ಎಂದಳು.

ಅವನು ಪತ್ರವನ್ನು ಮತ್ತೊಮ್ಮೆ ನೋಡಿದ. ಕೆಳಗೆ ಸಹಿಯಿತ್ತು, ಬಲಕ್ಕೆ ವಾಲಿದ, ಅವನಿಗೆ ಬಹಳ ಇಷ್ಟವಾದ ಸಹಿ. ಮೇಲೆ ಎಲ್ಲಿಯೂ ಅವನಿರಲಿಲ್ಲ. ದೋಷ ತಾನಾಗಿ ಉಂಟಾಗಿತ್ತು, ತಾನಾಗಿ ಗಮನಕ್ಕೆ ಬಂದಿತ್ತು. ದೀಕ್ಷಾ ಒಳಗೆ ಹೋಗಿ ತನ್ನ ಹಳೆಯ ನೋಟುಪುಸ್ತಕದಿಂದ ಒಂದು ಹಾಳೆ ಹರಿದು ತಂದಳು, ಕೆಳಗಿಡಲು ಮೊರವನ್ನೇ ಮಗುಚಿ ಕೊಟ್ಟಳು. ಮೊರದ ಬೆನ್ನಿನ ಉಬ್ಬುತಗ್ಗುಗಳಲ್ಲಿ ಅವನ ಪ್ರಸಿದ್ಧ ದುಂಡು ಅಕ್ಷರ ಕುಂಟುತ್ತ ಹೋಯಿತು. ನನ್ನ ನೋಟ್ಸಿನ ಏಳನೆಯ ಪ್ರೋಗ್ರಾಮಿನಲ್ಲಿ ನಾನು ತಪ್ಪು ಮಾಡಿದ್ದೆ. ದೀಕ್ಷಾ ಅದನ್ನು ನಾನು ಕಲಿಸಿದಂತೆಯೇ ಬರೆದಳು. ಅವಳು ನಕಲು ಮಾಡಿದಳೆಂದು ನಾನು ಹೇಳಿದ್ದು ಸುಳ್ಳು. ಮೂರೇ ವಾಕ್ಯ. ಸೋಮವಾರ ಇದನ್ನು ಓದಿದ ಪ್ರಿನ್ಸಿಪಾಲರು, ಇಷ್ಟು ಬಿಡಿಸಿ ಬರೆಯಬೇಕಾಗಿರಲಿಲ್ಲ ಶಾಂತಾರಾಮ, ಎಂದು ಬೇಸರಪಟ್ಟುಕೊಳ್ಳುವವರಿದ್ದರು. ಪರೀಕ್ಷಾ ಬೋರ್ಡಿನಿಂದ ಉತ್ತರ ಬರಲು ಏಳು ವಾರ ಹಿಡಿಯುವುದಿತ್ತು. ಮಾರ್ಚಿನ ಒಂದು ಮಧ್ಯಾಹ್ನ ಬೇರೆ ಪರೀಕ್ಷಕರ ಮುಂದೆ ದೀಕ್ಷಾ ಪರೀಕ್ಷೆ ಬರೆದು ಪಾಸಾಗುವುದಿತ್ತು, ಮತ್ತು ಅವಳ ಕಳೆದುಹೋದ ತಿಂಗಳುಗಳನ್ನು ಯಾವ ಬೋರ್ಡೂ ತಿರುಗಿ ಕೊಡುವುದಿರಲಿಲ್ಲ. ಅದಾವುದೂ ಆಗ ಆ ಅಂಗಳದಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವನು ಬರೆದದ್ದನ್ನು ಓದಿ ಹೇಳಿದ.

ಗಂಗಿ ಕೇಳಿದಳು. ಸಮಾಧಾನವಾಯಿತೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ಎದ್ದು ಬೇಲಿಯ ಕಡೆ ಹೋಗಿ, “ಏ ಅಕ್ಕಮ್ಮಾ, ಇಲ್ಲಿ ಬಾ ಸ್ವಲ್ಪ,” ಎಂದು ಕೂಗಿದಳು. ಕಟ್ಟಿಗೆಯ ಮುದುಕಿ ಕಾದುಕೊಂಡೇ ಇದ್ದವಳಂತೆ ಬೇಲಿಗೆ ಬಂದು ಕಿವಿ ಚಾಚಿದಳು. “ಮಾಸ್ತರೇ, ಇನ್ನೊಂದ್ಸಲ ಓದಿ. ಸ್ವಲ್ಪ ಗಟ್ಟಿ. ಇವ್ಳಿಗೆ ಕಿವಿ ಮಂದ. ಊರ ತುಂಬ ನನ್ನ ಮಗ್ಳು ಕದ್ದಳು ಹೇಳಿದ್ದು ಇವ್ಳೇ.”

ಅವನು ಎದ್ದು ನಿಂತ. ಕೂತು ಓದುವುದು ಸರಿಯಲ್ಲ ಎನಿಸಿತು. ಮೊದಲ ವಾಕ್ಯ ಓದಿದ.

“ಹಾಂ? ಯಾರ್ ತಪ್ಪು ಮಾಡಿದ್ದು?” ಎಂದಳು ಅಕ್ಕಮ್ಮ.

“ನಾನು,” ಎಂದ ಶಾಂತಾರಾಮ.

“ಯಾರು?”

“ನಾನು!” ಎಂದು ಅವನು ಕೂಗಿದ. ಬತ್ತಕ್ಕೆ ಬಾಯಿ ಹಾಕುತ್ತಿದ್ದ ಎರಡು ಕೋಳಿಗಳು ಹಾರಿ ಓಡಿದವು. ಹಿಂದೆ ದೀಕ್ಷಾ ಬಾಯಿಗೆ ಕೈ ಹಿಡಿದರೂ ನಗು ತಡೆಯಲಿಲ್ಲ, ಹೊರಗೇ ಬಂತು. ಅಕ್ಕಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, “ಹಾಗೆ ಬಾಯ್ಬಿಟ್ಟು ಹೇಳ್ಬೇಕಪ್ಪ ಮತ್ತೆ,” ಎಂದು ಸೆರಗು ಕೊಡವಿ, ಕಟ್ಟಿಗೆಯನ್ನು ಅಲ್ಲೇ ಬಿಟ್ಟು, ಬೇಲಿಯುದ್ದಕ್ಕೂ ಆಚೆ ಮನೆಯ ಕಡೆಗೆ ಬಿರಬಿರನೆ ನಡೆದಳು.